ಟೈಪಿಸ್ಟಮ್ಮ ಕೇಳಿಸಿಕೊಂಡ ಹದಿನೇಳು ಏಟು

ಟೈಪಿಸ್ಟಮ್ಮನ ಎಡಗಿವಿ ಅರ್ಧ ಸತ್ತಿತ್ತು. ಅದನ್ನು ಸಾಯಿಸಿದವನು ಕಟ್ಟಿಕೊಂಡ ಗಂಡ. ಗೋದಾಮಿನಲ್ಲಿ ಮೇಲ್ವಿಚಾರಕನಾಗಿದ್ದ ಆತ ಹೊರಗೆ ಬಲು ಮೆತ್ತನೆಯ ಮನುಷ್ಯ. ಅವನು ಮಾತಾಡಿದರೆ ಪಕ್ಕದಲ್ಲಿ ನಿಂತವನಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅವನ ಕೈ ಮಾತಾಡುತ್ತಿತ್ತು. ಹನ್ನೊಂದು ವರ್ಷ ಅವಳು ಆ ಮಾತು ಕೇಳಿದಳು. ಅಂಗೈ, ಮುಷ್ಟಿ, ಚಪ್ಪಲಿ, ಬೆಲ್ಟಿನ ಚರ್ಮದ ತುದಿ, ಬೆಲ್ಟಿನ ಬಕಲ್ಲಿನ ತುದಿ, ಇಸ್ತ್ರಿಪೆಟ್ಟಿಗೆಯ ವೈರು, ಬೆತ್ತ, ಅಂಗಾಲಿಗೆ ಬೀಳುತ್ತಿದ್ದ ಮರಳು ತುಂಬಿದ ರಬ್ಬರ್ ಕೊಳವೆ, ಒಂದೊಂದರ ಸದ್ದೂ ಬೇರೆ. ಮೊಣಕಾಲಿಗೆ ಹಣೆ ಒತ್ತಿ ಕೂತಿರುತ್ತಿದ್ದ ಅವಳಿಗೆ, ಬರುತ್ತಿರುವುದು ಯಾವುದು ಎಂದು ಅದು ಮೈಗೆ ತಾಗುವ ಮೊದಲೇ ಗಾಳಿಯ ಸುಯ್ಯಿಯಲ್ಲೇ ಗೊತ್ತಾಗುತ್ತಿತ್ತು. ಗೊತ್ತಾದರೆ ಅಷ್ಟೇ ಅನುಕೂಲ. ಮೈಯ ಯಾವ ಜಾಗವನ್ನು ಬಿಗಿ ಮಾಡಿಕೊಳ್ಳಬೇಕು ಎಂದು ತಿಳಿಯುತ್ತಿತ್ತು.

ಕೊನೆಯ ದಿನ ಅವನು ಅಂಗೈ ಬಿಡಿಸಿ ಕಿವಿಗೇ ಬಿಟ್ಟ. ಒಳಗೆ ಏನೋ ಟಪ್ಪೆಂದು ಒಡೆಯಿತು, ಭುಜದ ಮೇಲೆ ಬಿಸಿಯಾಗಿ ರಕ್ತ ಇಳಿಯಿತು. ಅವಳು ತವರಿನಿಂದ ತಂದಿದ್ದ ಹಳೆಯ ಟೈಪ್‌ರೈಟರ್ ಮೇಜಿನ ಮೇಲಿತ್ತು; ಕಬ್ಬಿಣದ್ದು, ಎತ್ತಲು ಇಬ್ಬರು ಬೇಕು. ಕೆಳಗೆ ಬಿದ್ದ ಬೆಲ್ಟನ್ನು ತೆಗೆದುಕೊಳ್ಳಲು ಅವನು ಮೇಜಿನ ಹತ್ತಿರ ಬಂದಾಗ ಅವಳು ಎರಡೂ ಕೈಯಿಂದ ಅದನ್ನು ಅಂಚಿಗೆ ತಳ್ಳಿದಳು. ಅದು ಅವನ ಪಾದದ ಮೇಲೆ ಕೂತಿತು. ಮೂರು ಬೆರಳು ನುಜ್ಜುಗುಜ್ಜಾದವು. ಅವನು ಊಳಿಟ್ಟ. ಅವನ ದನಿ ಅಷ್ಟು ದೊಡ್ಡದಿದೆ ಎಂದು ಅವಳಿಗೆ ಗೊತ್ತಾದದ್ದು ಆವತ್ತೇ. ಅವನನ್ನು ದಾಟಿಕೊಂಡು, ಚಪ್ಪಲಿ ಮೆಟ್ಟಿ ಹೊರಟು ಬಂದಳು. ಆ ಮೆಷಿನ್ನನ್ನು ಬಿಟ್ಟು ಬಂದೆನಲ್ಲ ಎಂಬುದೊಂದೇ ಅವಳಿಗಿದ್ದ ಬೇಸರ.

ಬಂದದ್ದು ಚಿಕ್ಕಪ್ಪನ ಮನೆಗೆ. ಅಪ್ಪನ ತಮ್ಮನಾದ ಅವರಿಗೆ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಕೆಳಗೆ ರಿಪೇರಿ ಅಂಗಡಿ, ಮೇಲೆ ಎರಡು ಕೋಣೆ. ರೇಡಿಯೊ ರಿಪೇರಿಯಿಂದ ಶುರು ಮಾಡಿ, ಟೇಪ್‌ರೆಕಾರ್ಡರ್, ಟೀವಿ ಎಲ್ಲ ದಾಟಿ ಕಂಪ್ಯೂಟರಿಗೆ ಬಂದಿದ್ದರು. ಇವೆಲ್ಲದರ ಕಾಲವೂ ಮುಗಿಯಿತು, ನನ್ನದೊಂದು ಮುಗಿಯುತ್ತಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕೆಟ್ಟುಹೋದ ಯಂತ್ರಗಳಿಗೆ ಅವರು ಬೈಯುತ್ತಿದ್ದ ಬೈಗುಳ ಕೇಳಿದರೆ ಗಿರಾಕಿಗಳು ಕಿವಿ ಮುಚ್ಚಿಕೊಳ್ಳಬೇಕು. ಮನುಷ್ಯರ ಮೇಲೆ ಮಾತ್ರ ಒಮ್ಮೆಯೂ ಕೈ ಎತ್ತಿದವರಲ್ಲ. ರಕ್ತ ಒಣಗಿದ ಕತ್ತಿನಲ್ಲಿ ಬಂದು ನಿಂತ ಅವಳನ್ನು ಏನಾಯಿತು ಎಂದು ಕೇಳಲಿಲ್ಲ. ಮೇಲಿನ ಒಂದು ಕೋಣೆ ಖಾಲಿ ಮಾಡಿ, ಬಿಡಿಭಾಗಗಳ ರಾಶಿಯಿಂದ ಒಂದು ಕಂಪ್ಯೂಟರ್ ಜೋಡಿಸಿ ಕೊಟ್ಟರು.

ಅದರಲ್ಲಿ ಅವಳು ಕೋರ್ಟಿನ ಕೆಲಸ ಹಿಡಿದಳು. ಸಾಕ್ಷಿಗಳ, ಆರೋಪಿಗಳ ಹೇಳಿಕೆಗಳನ್ನು ರೆಕಾರ್ಡ್ ಮಾಡಿ ಕಳಿಸುತ್ತಿದ್ದರು; ಹೆಡ್‌ಫೋನ್ ಹಾಕಿಕೊಂಡು ಕೇಳಿ, ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿ, ಕೆಳಗೆ ಸಹಿ ಹಾಕಿ ಕೊಡಬೇಕು. ಹನ್ನೆರಡು ವರ್ಷ ಅದನ್ನೇ ಮಾಡಿದಳು. ಕೊಲೆ, ದರೋಡೆ, ಆಸಿಡ್ಡು, ಅಣ್ಣತಮ್ಮಂದಿರ ಕೊಡಲಿ ಜಗಳ, ಎಲ್ಲ ಅವಳ ಕಿವಿಯ ಮೇಲೆ ಹಾದುಹೋಗಿ ಕಾಗದವಾಗುತ್ತಿದ್ದವು. ಕೋರ್ಟಿನಲ್ಲಿ ಅವಳ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಜವಾನನಿಂದ ಹಿಡಿದು ವಕೀಲರವರೆಗೆ ಎಲ್ಲರಿಗೂ ಅವಳು ಟೈಪಿಸ್ಟಮ್ಮ.

ತೊಂದರೆ ಇದ್ದದ್ದು ಕಂಪ್ಯೂಟರಿನ ದನಿಯಲ್ಲಿ. ಮದರ್‌ಬೋರ್ಡಿನಲ್ಲೇ ಅಂಟಿಕೊಂಡು ಬಂದಿದ್ದ ಸೌಂಡು ಅದು. ಹಿನ್ನೆಲೆಯಲ್ಲಿ ಸದಾ ಗುಂಯ್ ಎನ್ನುತ್ತಿತ್ತು. ಮೌಸ್ ಅಲ್ಲಾಡಿಸಿದರೆ ಕೀರ್ ಎನ್ನುತ್ತಿತ್ತು. ಎಡಗಿವಿಗೆ ಕೇಳಿಸಲೆಂದು ದನಿ ಏರಿಸಿದರೆ ಗುಂಯ್‌ಗುಡುವುದೂ ಜೊತೆಗೇ ಏರುತ್ತಿತ್ತು. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಬೇರೆ ಸೌಂಡ್ ಕಾರ್ಡ್ ಹಾಕಿಸಿಕೋ ಎಂದು ಚಿಕ್ಕಪ್ಪ ಹೇಳಿದಾಗಲೆಲ್ಲ, ನಡೆಯುತ್ತಿದೆಯಲ್ಲ, ನಡೆಯಲಿ ಬಿಡಿ ಎನ್ನುತ್ತಿದ್ದಳು. ಸಹಿಸಿಕೊಳ್ಳುವುದು ಅವಳಿಗೆ ಅಷ್ಟು ರೂಢಿಯಾಗಿತ್ತು.

ಹೀಗಿರುವಾಗ ಒಂದು ದಿನ ಅವಳು ಟೈಪ್ ಮಾಡಿದ ಹೇಳಿಕೆಯೊಂದು ವಾಪಸು ಬಂತು. ಸಾಕ್ಷಿ ‘ನಾನು ಅವನನ್ನ ನೋಡಿಲ್ಲ’ ಎಂದಿದ್ದ. ಇವಳು ‘ನೋಡಿದೆ’ ಎಂದು ಹೊಡೆದಿದ್ದಳು. ಮಾತಿನ ಬಾಲವನ್ನು ಆ ಗುಂಯ್ ನುಂಗಿಬಿಟ್ಟಿತ್ತು. ನ್ಯಾಯಾಧೀಶರೇ ಕೆಂಪು ಗೆರೆ ಎಳೆದಿದ್ದರು. ತನ್ನ ಬೆರಳ ತುದಿಯ ತಪ್ಪಿನಿಂದ ಒಬ್ಬ ಮನುಷ್ಯ ಜೈಲಿಗೆ ಹೋಗಬಹುದಿತ್ತು ಎಂದು ನೆನೆದು ಅವಳಿಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೆಳಗಿಳಿದು, ಕಾರ್ಡ್ ಹಾಕಿ ಚಿಕ್ಕಪ್ಪ ಎಂದಳು.

ಚಿಕ್ಕಪ್ಪ ಆ ಮಾತಿಗೇ ಕಾದಿದ್ದವರಂತೆ ಡಬ್ಬ ಹಿಡಿದು ಮೇಲೆ ಬಂದರು. ಪ್ಲಗ್ಗು ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದರು. ಒಳಗಿನ ಧೂಳು ನೋಡಿ ಅದರ ಮೂರು ತಲೆಮಾರಿಗೆ ಸೇರಿಸಿ ಬೈದರು. ಬ್ರಶ್ಶಿನಿಂದ ಧೂಳು ಗುಡಿಸಿ, ಮೈಯ ಕರೆಂಟು ಇಳಿಯಲೆಂದು ಕಬ್ಬಿಣದ ಚೌಕಟ್ಟನ್ನು ಒಮ್ಮೆ ಮುಟ್ಟಿ, ಖಾಲಿ ಸ್ಲಾಟಿನ ಹಿಂದಿನ ಪಟ್ಟಿ ತೆಗೆದರು. ಅಂಗೈಯಗಲದ ಹಸಿರು ಕಾರ್ಡನ್ನು ಅಂಚಿನಲ್ಲಿ ಹಿಡಿದು, ಸ್ಲಾಟಿಗೆ ನೇರ ಮಾಡಿ, ಎರಡು ಹೆಬ್ಬೆರಳಿನಿಂದ ಒತ್ತಿದರು. ಕಟಕ್ ಎಂದು ಕೂತಿತು. ಒಂದು ಸ್ಕ್ರೂ ಬಿಗಿದರು. ಕಂಪ್ಯೂಟರ್ ಹಚ್ಚಿ, ಹಳೆಯ ಸೌಂಡನ್ನು ಸೆಟ್ಟಿಂಗಿನಲ್ಲಿ ಮುಚ್ಚಿ, ಹೊಸದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಹಾಕಿದರು. ಹೆಡ್‌ಫೋನನ್ನು ಮುಂದಿನ ತೂತಿಗೆ ಚುಚ್ಚಲು ಹೋದ ಅವಳ ಕೈ ಹಿಡಿದು, ಅಲ್ಲಿಗೆ ಹಾಕಿದರೆ ವೈರು ಒಳಗೆಲ್ಲ ಸುತ್ತಿಕೊಂಡು ಬಂದು ಮತ್ತೆ ಅದೇ ಗಲಾಟೆ ತರುತ್ತದೆ, ಹಿಂದೆ ಕಾರ್ಡಿಗೇ ಚುಚ್ಚು ಎಂದರು. ತಗಡನ್ನು ನಾಳೆ ಮುಚ್ಚುತ್ತೇನೆ, ಬಿಸಿಯಾಗುತ್ತದೋ ನೋಡೋಣ ಎಂದು ಸ್ಕ್ರೂಡ್ರೈವರನ್ನು ಮೇಜಿನ ಮೇಲೇ ಬಿಟ್ಟು ಇಳಿದು ಹೋದರು.

ಅವಳು ಹೆಡ್‌ಫೋನ್ ಹಾಕಿಕೊಂಡಳು. ಕೆಟ್ಟುಹೋಗಿದೆ ಎಂದುಕೊಂಡಳು. ಅಷ್ಟು ನಿಶ್ಶಬ್ದ. ಮೌಸ್ ಅಲ್ಲಾಡಿಸಿದಳು, ಏನೂ ಇಲ್ಲ. ಹನ್ನೆರಡು ವರ್ಷ ತಲೆಯೊಳಗೆ ಬಾಡಿಗೆಗಿದ್ದ ಜೀರುಂಡೆ ಮನೆ ಖಾಲಿ ಮಾಡಿತ್ತು.

ಕೈಯಲ್ಲಿದ್ದದ್ದು ಐಸ್ ಫ್ಯಾಕ್ಟರಿಯ ಕೂಲಿಯೊಬ್ಬನ ಹೇಳಿಕೆ. ತನ್ನ ಫೋರ್ಮನ್ನನ್ನು ಐಸ್ ಎಳೆಯುವ ಕೊಕ್ಕೆಯಿಂದ ಕುತ್ತಿಗೆಗೆ ಹೊಡೆದು ಕೊಂದ ಎಂಬ ಆರೋಪ ಅವನ ಮೇಲಿತ್ತು. ಠಾಣೆಯಲ್ಲಿ ಮಾಡಿದ ನಲವತ್ತೊಂದು ನಿಮಿಷದ ರೆಕಾರ್ಡಿಂಗು. ಎಲ್ಲೂ ನಿಲ್ಲಿಸದೆ, ತುಂಡು ಮಾಡದೆ ಒಂದೇ ಓಟದಲ್ಲಿ ಇರಬೇಕು ಎಂಬುದು ಕೋರ್ಟಿನ ನಿಯಮ. ಅರ್ಧ ಆಗಲೇ ಹಳೆಯ ಸೌಂಡಿನಲ್ಲಿ ಟೈಪ್ ಮಾಡಿದ್ದಳು. ಪ್ರಶ್ನೆ, ಆಮೇಲೆ ಉದ್ದನೆಯ ಗುಂಯ್, ಆಮೇಲೆ ಉತ್ತರ. ಕೂಲಿ ಮನುಷ್ಯ, ಯೋಚಿಸಿ ಹೇಳುತ್ತಿದ್ದಾನೆ ಎಂದುಕೊಂಡಿದ್ದಳು. ತಪ್ಪು ಉಳಿಯಬಾರದೆಂದು ಈಗ ಮೊದಲಿನಿಂದ ಹಚ್ಚಿದಳು.

ಫ್ಯಾನಿನ ರೆಕ್ಕೆ ಒಂದು ಕಡೆ ತಾಗುವುದು ಕೇಳಿಸಿತು. ಕುರ್ಚಿ ಕಿರುಗುಟ್ಟಿದ್ದು, ಯಾರೋ ಎಂಜಲು ನುಂಗಿದ್ದು ಕೇಳಿಸಿತು. ಕೊಕ್ಕೆ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಬಂತು. ಅದಾದ ಮೇಲೆ, ಮೊದಲು ಬರೀ ಗುಂಯ್ ಇದ್ದ ಜಾಗದಲ್ಲಿ, ದೂರದಲ್ಲಿ ಸುಯ್ ಎಂದು ಗಾಳಿ ಸೀಳಿತು. ಹಿಂದೆಯೇ ದಪ್ಪನೆಯ, ಒದ್ದೆಯಾದ ಪಟ್. ಆಮೇಲೆ ಒಂದು ಉಸಿರು, ಹೊರಗೆ ಹೋಗಲಿಲ್ಲ, ಒಳಕ್ಕೆ ಹೋಯಿತು. ಆಮೇಲೆ ಬಹಳ ಮೆತ್ತಗಿನ ಒಂದು ದನಿ: “ಹೇಳು. ಹೇಳಿಕೊಟ್ಟ ಹಾಗೆ ಹೇಳು.”

“ನನ್ನ ಕೈಯಲ್ಲಿತ್ತು,” ಎಂದ ಕೂಲಿ.

ಟೈಪಿಸ್ಟಮ್ಮನ ಬೆನ್ನಿನ ಚರ್ಮ ತಾನಾಗಿ ಬಿಗಿದುಕೊಂಡಿತು. ಅವಳ ತಲೆಗಿಂತ ಮೊದಲು ಅವಳ ಮೈಗೆ ಅರ್ಥವಾಯಿತು. ಬೆಲ್ಟಲ್ಲ. ಬೆಲ್ಟಿಗೆ ಚುರುಕು ಹೆಚ್ಚು. ಬೆತ್ತವೂ ಅಲ್ಲ. ರಬ್ಬರು, ಒಳಗೆ ಏನೋ ತುಂಬಿದ ರಬ್ಬರ್ ಕೊಳವೆ, ಅಂಗಾಲಿನ ಮೇಲೆ. ಅಂಗಾಲಿಗೆ ಬಿದ್ದಾಗ ಮಾತ್ರ ಉಸಿರು ಹಾಗೆ ಒಳಕ್ಕೆ ಎಳೆಯುತ್ತದೆ, ಕೂಗಲು ಗಾಳಿಯೇ ಉಳಿಯುವುದಿಲ್ಲ. ಅವಳು ಹೆಡ್‌ಫೋನ್ ಕಿತ್ತಿಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದಳು. ಬಂದು ಮತ್ತೆ ಕೂತಳು. ನಲವತ್ತೊಂದು ನಿಮಿಷದಲ್ಲಿ ಹದಿನೇಳು ಏಟು. ಹನ್ನೆರಡನೆಯದಕ್ಕೆ ಅವನು ಅಮ್ಮನನ್ನು ಕರೆದ. ಹದಿನಾಲ್ಕನೆಯದರಿಂದಾಚೆಗೆ ಉಸಿರಿನ ಸದ್ದೂ ಇರಲಿಲ್ಲ, ರಬ್ಬರಿನದೊಂದೇ. ಹದಿನೇಳರ ನಂತರ ಅವನು ಪಾಠ ಒಪ್ಪಿಸುವವನಂತೆ ಕೊಲೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದ. ಠಾಣೆಯವರು ಇದನ್ನು ಯಾವುದೋ ಸಣ್ಣ ಸ್ಪೀಕರಿನಲ್ಲಿ ಕೇಳಿ, ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ ಎಂದು ಧೈರ್ಯವಾಗಿ ಕಳಿಸಿರಬೇಕು.

ಚಿಕ್ಕಪ್ಪನನ್ನು ಕರೆದು ಕೇಳಿಸಿದಳು. ಅವರು ಎರಡು ನಿಮಿಷ ಕೇಳಿ ಹೆಡ್‌ಫೋನ್ ತೆಗೆದರು.

“ಇದನ್ನ ಟೈಪ್ ಮಾಡಬೇಡ ಮಗಳೇ,” ಎಂದರು. “ಮಾತು ಅಷ್ಟನ್ನೇ ಟೈಪ್ ಮಾಡಿ ಕೊಟ್ಟುಬಿಡು. ನಾನು ಆ ಕಾರ್ಡು ಹಾಕದೇ ಇದ್ದಿದ್ದರೆ ನಿನಗೆ ಕೇಳಿಸ್ತಾನೇ ಇರಲಿಲ್ಲ.”

“ಈಗ ಕೇಳಿಸಿದೆಯಲ್ಲ ಚಿಕ್ಕಪ್ಪ.”

ಕೆಮ್ಮು, ಅಳು, ಮೌನ, ಕೇಳಿಸಿದ್ದೆಲ್ಲವನ್ನೂ ಆವರಣದೊಳಗೆ ಬರೆಯಬೇಕು ಎಂದು ಕೋರ್ಟಿನ ಸೂಚನೆಯಲ್ಲೇ ಇತ್ತು. ಅವಳು ಹದಿನೇಳು ಕಡೆ ಆವರಣ ತೆರೆದು ‘ಏಟಿನ ಸದ್ದು, ಬಹುಶಃ ರಬ್ಬರ್ ಕೊಳವೆ’ ಎಂದು, ಉಸಿರು ಕೇಳಿಸಿದ ಕಡೆಯೆಲ್ಲ ‘ಉಸಿರು ಎಳೆದುಕೊಂಡ ಸದ್ದು’ ಎಂದೂ ಹೊಡೆದಳು. ಮೆತ್ತಗಿನ ದನಿ ಹೇಳಿದ್ದನ್ನೂ ಬಿಡಲಿಲ್ಲ. ಕೆಳಗೆ ಸಹಿ ಹಾಕಿ ಕೋರ್ಟಿಗೆ ಕೊಟ್ಟು ಬಂದಳು.

ಹತ್ತು ದಿನ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಇಬ್ಬರು ಮೆಟ್ಟಿಲು ಹತ್ತಿ ಬಂದರು. ಮೈಮೇಲೆ ಸಾದಾ ಬಟ್ಟೆ. ಮುಂದಿದ್ದವನು ದಪ್ಪಗಿದ್ದ, ಕಂಕುಳಲ್ಲಿ ಪೇಪರು ಸುತ್ತಿದ ಉದ್ದನೆಯದೇನೋ ಇತ್ತು. ಹಿಂದಿದ್ದವನು ತೆಳ್ಳಗಿನ, ನೀಟಾಗಿ ತಲೆ ಬಾಚಿದ ಮನುಷ್ಯ. ಚಿಕ್ಕಪ್ಪ ಚಹಾ ಕುಡಿಯಲು ಮೇಲೆ ಬಂದು ಕಿಟಕಿಯ ಹತ್ತಿರ ಕೂತಿದ್ದರು.

“ಒಳಗೆ ಬರಬಹುದಾ ಅಕ್ಕ?” ಎಂದ ತೆಳ್ಳಗಿನವನು, ಬಹಳ ಮೆತ್ತಗೆ.

ಆ ದನಿ ಹೇಳಿದ್ದನ್ನು ಅವಳು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿದ್ದಳು.

ದಪ್ಪಗಿನವನು ನಯವಾಗಿಯೇ ಶುರುಮಾಡಿದ. ಟೈಪಿಂಗಿನಲ್ಲಿ ಸಣ್ಣ ತಪ್ಪಾಗಿದೆಯಂತೆ, ಯಂತ್ರದ ಗದ್ದಲವನ್ನು ಏನೋ ಎಂದು ತಿಳಿದಿದ್ದಾಳಂತೆ, ತಪ್ಪಾಯಿತು ಎಂದು ಒಂದು ಸಾಲು ಬರೆದು ಹೊಸ ಪ್ರತಿ ಕೊಟ್ಟರೆ ಎಲ್ಲ ಸರಿಹೋಗುತ್ತದಂತೆ. ತಪ್ಪಿದ್ದರೆ ಕೋರ್ಟಿಗೆ ಅರ್ಜಿ ಹಾಕಿ, ಅಲ್ಲಿಂದ ಬರಲಿ ಎಂದಳು ಅವಳು. ತೆಳ್ಳಗಿನವನು ತಿರುಗಿ ಬಾಗಿಲಿನ ಚಿಲಕ ಹಾಕಿದ.

ಚಿಕ್ಕಪ್ಪ ಎದ್ದು ನಡುವೆ ಬಂದರು. ಇದು ನನ್ನ ಮನೆ, ಹೊರಗೆ ನಡೀರಿ ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಪೇಪರು ಬಿಚ್ಚಿಕೊಂಡಿತು. ಒಳಗಿದ್ದದ್ದು ಕಬ್ಬಿಣದ ಸರಳು. ಮೊದಲ ಏಟು ಅವರು ತಲೆಗೆ ಅಡ್ಡ ಹಿಡಿದ ಬಲಗೈ ಮೇಲೆ ಬಿತ್ತು. ಒಣಗಿದ ಕೊಂಬೆ ಮುರಿದ ಹಾಗೆ ಸದ್ದಾಯಿತು. ಅವರು ಕೂಗಲಿಲ್ಲ, ಗೋಡೆಗೆ ಒರಗಿ ಜಾರಿ ಕೂತರು. ಕೈ ಎರಡು ಕಡೆ ಬಾಗಿತ್ತು. ದಪ್ಪಗಿನವನು ಅವರ ಪಕ್ಕೆಗೆ ಎರಡು ಸಲ ಒದ್ದು, ಕಂಪ್ಯೂಟರಿನ ಕಡೆ ತಿರುಗಿದ. ಮಾನಿಟರಿನ ಗಾಜು ಚೂರಾಗಿ ಹಾರಿತು. ನಾಳೆ ನಾಳೆ ಎಂದು ತಗಡು ಮುಚ್ಚದೆ ಹಾಗೇ ಬಿಟ್ಟಿದ್ದ ಕ್ಯಾಬಿನೆಟ್ಟಿನೊಳಗೆ ಸರಳು ಹಾಕಿ ಕಲಸಿದ. ಹಸಿರು ಕಾರ್ಡು ಎರಡು ತುಂಡಾಗಿ ನೆಲಕ್ಕೆ ಬಿತ್ತು.

ತೆಳ್ಳಗಿನವನಿಗೆ ಅವಸರವಿರಲಿಲ್ಲ. ಅವಳ ಬಲಗೈ ಮಣಿಕಟ್ಟು ಹಿಡಿದು ಮೇಜಿನ ಡ್ರಾಯರಿನೊಳಗೆ ಇಟ್ಟ.

“ಯಾವ ಬೆರಳಲ್ಲಿ ಟೈಪ್ ಮಾಡಿದ್ದು ಅಕ್ಕ?” ಎಂದು ಕೇಳಿದ. “ಇದಾ?”

ಮೊಣಕಾಲಿನಿಂದ ಡ್ರಾಯರನ್ನು ಗುದ್ದಿದ. ಅವಳ ಕಣ್ಣೆದುರು ಬೆಳ್ಳಗಾಯಿತು. ಅವನು ಡ್ರಾಯರು ಎಳೆದು ನೋಡಿದ, ಪಕ್ಕದ ಬೆರಳನ್ನು ಸರಿಯಾಗಿ ಇಟ್ಟ, ಮತ್ತೆ ಗುದ್ದಿದ. ಹನ್ನೊಂದು ವರ್ಷ ಹೊಡೆತ ತಿಂದ ಮೈ ಹಳೆಯ ರೂಢಿಯಂತೆ ಮುದುರಿಕೊಳ್ಳಲು ನೋಡಿತು. ಆದರೆ ಎಡಗೈ ಮೇಜಿನ ಮೇಲೆ ತಡಕಾಡುತ್ತಿತ್ತು. ಗಾಜಿನ ಚೂರುಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿತು. ಚಿಕ್ಕಪ್ಪನ ಉದ್ದನೆಯದು, ಮರದ ಹಿಡಿಯದು. ಅವನ ತೊಡೆಗೆ ಹಿಡಿಯವರೆಗೆ ಇಳಿಸಿದಳು. ಅವನ ಬಾಯಿ ತೆರೆಯಿತು, ದನಿ ಹೊರಡುವುದಕ್ಕೆ ಮೊದಲೇ ಕಿತ್ತು, ಅದೇ ಜಾಗದ ಪಕ್ಕ ಇನ್ನೊಮ್ಮೆ ಇಳಿಸಿದಳು. ಎರಡನೆಯದು ಬೇಕಿರಲಿಲ್ಲ ಎಂದು ಆಮೇಲೆ ಅವಳಿಗೇ ಅನಿಸಿತು. ಆ ಗಳಿಗೆಯಲ್ಲಿ ಬೇಕೆನಿಸಿತ್ತು. ಇನ್ನೂ ನಾಲ್ಕು ಬೇಕೆನಿಸಿತ್ತು.

ಅವನ ಕಿರುಚಾಟಕ್ಕೆ ಎದುರು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಮೂವರು ಟೈಲರಿಂಗ್ ಹೆಂಗಸರು ಎದ್ದು ಬಂದರು. ಮೂವರೂ ಸೇರಿ ಬಾಗಿಲಿಗೆ ಭುಜ ಕೊಟ್ಟರು. ಚಿಲಕ ಕಿತ್ತು ಬಂತು. ಒಬ್ಬಳ ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಇನ್ನೊಬ್ಬಳ ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ. ದಪ್ಪಗಿನವನು ಸರಳು ಬೀಸಿದ. ಇಸ್ತ್ರಿಪೆಟ್ಟಿಗೆ ಅವನ ಕೆನ್ನೆಗೆ ತಾಗಿ ಚುಂಯ್ ಎಂದಿತು. ಅವನು ಜೊತೆಗಾರನನ್ನು ಬಿಟ್ಟು ಕಾಲಿಗೆ ಬುದ್ಧಿ ಹೇಳಿದ. ತೆಳ್ಳಗಿನವನು ಕುಂಡೆಯ ಮೇಲೆ ಜಾರಿಕೊಂಡು, ಒಂದೊಂದು ಮೆಟ್ಟಿಲಿಗೂ ರಕ್ತ ಬಳಿಯುತ್ತ ಇಳಿದು ಹೋದ. ಹೆಂಗಸರು ಅವನ ಬೆನ್ನಟ್ಟಲಿಲ್ಲ. ಚಿಕ್ಕಪ್ಪ ಉಸಿರಾಡುತ್ತಿದ್ದಾರೋ ಇಲ್ಲವೋ ಎಂಬ ಗಾಬರಿ ಅವರಿಗೆ.

ಆಸ್ಪತ್ರೆಯಲ್ಲಿ ಅವಳ ಎರಡು ಬೆರಳಿಗೆ ತಂತಿ ಹಾಕಿದರು. ಚಿಕ್ಕಪ್ಪನ ಮುರಿದ ಕೈಯೊಳಗೆ ಸ್ಟೀಲಿನ ಸರಳು, ಮೂರು ಪಕ್ಕೆಲುಬಿಗೆ ಪಟ್ಟಿ. ಪೊಲೀಸರು ಬಂದು ಅವಳ ದೂರು ಬರೆದುಕೊಳ್ಳುವ ಬದಲು, ಕರ್ತವ್ಯದ ಮೇಲಿದ್ದ ಪೊಲೀಸನಿಗೆ ಚುಚ್ಚಿದ್ದಕ್ಕೆ ಅವಳ ಮೇಲೇ ಕೇಸು ಹಾಕುತ್ತೇವೆಂದು ಹೆದರಿಸಿ ಹೋದರು. ಐಸ್ ಕೂಲಿಯ ಪರ ನಿಂತಿದ್ದ ವಕೀಲೆ, ಎತ್ತರದ, ಮಾತು ಕಡಿಮೆಯ ಹೆಂಗಸು, ಮಾರನೆಯ ದಿನ ಬಂದು ಹಾಸಿಗೆಯ ಪಕ್ಕ ಕೂತರು. ಕರ್ತವ್ಯ ಎಂದು ಅವರೇ ಒಪ್ಪಿಕೊಂಡರೆ, ನಿಮ್ಮ ಮನೆಗೆ ಬಂದದ್ದನ್ನೂ ಒಪ್ಪಿಕೊಂಡ ಹಾಗಾಯಿತು, ಅದು ನಮಗೇ ಒಳ್ಳೆಯದು ಎಂದರು. ತೆಳ್ಳಗಿನವನು ಅದೇ ಮಧ್ಯಾಹ್ನ ಬೇರೊಂದು ಆಸ್ಪತ್ರೆಯಲ್ಲಿ ತೊಡೆಗೆ ಹೊಲಿಗೆ ಹಾಕಿಸಿಕೊಂಡಿದ್ದ ದಾಖಲೆಯನ್ನು ಎಲ್ಲಿಂದಲೋ ಹುಡುಕಿ ತೆಗೆದಿದ್ದರು. ಸಾಕ್ಷಿ ಹೇಳ್ತೀರಾ ಎಂದು ಕೇಳಿದರು. ಹೇಳುತ್ತೇನೆ ಎಂದಳು ಟೈಪಿಸ್ಟಮ್ಮ.

ಕೋರ್ಟಿನಲ್ಲಿ ಹನ್ನೆರಡು ವರ್ಷ ಓಡಾಡಿದ್ದರೂ ಕಟಕಟೆ ಹತ್ತಿದ್ದು ಅದೇ ಮೊದಲು. ಸರ್ಕಾರಿ ವಕೀಲರು ಅವಳನ್ನು ಹಿಂಡಿ ಹಿಪ್ಪೆ ಮಾಡಿದರು. ಒಂದು ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂಬುದು ನಿಜವೇ ಎಂದರು, ನಿಜ ಎಂದಳು. ಇದಕ್ಕೆ ಕೆಲವೇ ದಿನ ಮೊದಲು ‘ನೋಡಿಲ್ಲ’ವನ್ನು ‘ನೋಡಿದೆ’ ಎಂದು ಬರೆದವರು ನೀವೇ ತಾನೇ ಎಂದರು, ನಾನೇ ಎಂದಳು.

“ಹಾಗಿರುವಾಗ ಅದು ಏಟೇ ಅಂತ ಹೇಗೆ ಹೇಳ್ತೀರಿ? ಬಾಗಿಲು ಬಡಿದಿದ್ದಿರಬಹುದು. ಫೈಲು ಬಿದ್ದಿದ್ದಿರಬಹುದು. ರಬ್ಬರ್ ಕೊಳವೆ ಅಂತ ಬೇರೆ ಬರೆದಿದ್ದೀರಿ. ನೀವೇನು ಇದರಲ್ಲಿ ಪದವಿ ತಗೊಂಡಿದ್ದೀರಾ?”

ಸಭೆಯಲ್ಲಿ ಕೆಲವರು ನಕ್ಕರು. ಅವಳು ನಗು ನಿಲ್ಲುವವರೆಗೆ ಕಾದಳು.

“ಹನ್ನೊಂದು ವರ್ಷ ತಿಂದಿದ್ದೀನಿ ಸ್ವಾಮಿ,” ಎಂದಳು. “ಬಾಗಿಲು ಬಡಿದರೆ ಯಾರೂ ಉಸಿರು ಒಳಗೆ ಎಳೆಯೋದಿಲ್ಲ.”

ಕೋರ್ಟಿನಲ್ಲಿರುವ ಮೂಲ ರೆಕಾರ್ಡಿಂಗನ್ನು ಇಲ್ಲೇ ಹಾಕಿ ಎಂದರು ನ್ಯಾಯಾಧೀಶರು. ಕೋರ್ಟಿನ ಕಂಪ್ಯೂಟರಿನಲ್ಲಿ ಹಾಕಿದರು. ಗುಂಯ್ ಎಂಬುದೊಂದೇ ಕೇಳಿಸಿತು. ಸರ್ಕಾರಿ ವಕೀಲರು ನೋಡಿದಿರಾ ಎಂಬಂತೆ ಕೈ ಚಾಚಿ ಕೂತರು. ಆಗ ಹಿಂದಿನ ಬೆಂಚಿನಿಂದ ಚಿಕ್ಕಪ್ಪ ಎದ್ದು, ಅದು ಆ ಯಂತ್ರದ್ದೇ ಗಲಾಟೆ, ಕಾಲು ಗಂಟೆ ಕೊಟ್ಟರೆ ತೆಗೆಯುತ್ತೇನೆ ಎಂದರು. ಅವರ ಜೇಬಿನಲ್ಲಿ ಹೊಸದೊಂದು ಕಾರ್ಡಿತ್ತು. ಗುಮಾಸ್ತ ಸರ್ಕಾರಿ ಆಸ್ತಿ ಎಂದು ಗೊಣಗಿದ. ನ್ಯಾಯಾಧೀಶರು ಅದಕ್ಕೆ ಸೊಪ್ಪು ಹಾಕಲಿಲ್ಲ, ಎರಡೂ ಕಡೆಯ ವಕೀಲರನ್ನು ಪಕ್ಕದಲ್ಲೇ ನಿಲ್ಲಿಸಿ, ಮಾಡಿ ಎಂದರು. ಚಿಕ್ಕಪ್ಪನ ಬಲಗೈ ಪಟ್ಟಿಯಲ್ಲಿ, ಅವಳ ಬಲಗೈಯೂ ಪಟ್ಟಿಯಲ್ಲಿ. ಅವರು ಎಡಗೈಯಲ್ಲಿ ಕಾರ್ಡನ್ನು ನೇರ ಹಿಡಿದರು, ಅವಳು ಎಡಗೈಯಲ್ಲಿ ಒತ್ತಿದಳು. ಅವರು ಸ್ಕ್ರೂ ಹಿಡಿದರು, ಅವಳು ತಿರುಗಿಸಿದಳು. ಸ್ಕ್ರೂ ಮೂರು ಸಲ ಜಾರಿ ಬಿತ್ತು. ಚಿಕ್ಕಪ್ಪ ನ್ಯಾಯಾಧೀಶರ ಮುಂದೆ ಬೈಯಲಾರದೆ ಹಲ್ಲು ಕಚ್ಚಿಕೊಂಡು ಕೆಂಪಗಾದರು.

ಸ್ಪೀಕರನ್ನು ಕಾರ್ಡಿಗೆ ಸಿಕ್ಕಿಸಿ ಮತ್ತೆ ಹಾಕಿದರು. ಸುಯ್. ಪಟ್. ಉಸಿರು. ಎರಡನೆಯದು ಬಂತು. ಮೂರನೆಯದಕ್ಕೆ ನ್ಯಾಯಾಧೀಶರ ಕಣ್ಣು ಸ್ಪೀಕರಿನಿಂದ ಎದ್ದು ಆರೋಪಿಯ ಕಡೆ ಹೋಯಿತು, ಅಲ್ಲೇ ನಿಂತಿತು. ಟೈಪಿಸ್ಟಮ್ಮನೂ ತಿರುಗಿ ನೋಡಿದಳು. ಐಸ್ ಕೂಲಿ ಬೆಂಚಿನ ಮೇಲೆ ಕೂತಿದ್ದ. ದಪ್ಪ ಕೈಗಳ, ಗುಬ್ಬಿಯಂತೆ ಸಣ್ಣ ಮುಖದ ಮನುಷ್ಯ. ಅವನು ಅಳುತ್ತಿರಲಿಲ್ಲ, ಯಾರನ್ನೂ ನೋಡುತ್ತಿರಲಿಲ್ಲ. ಆದರೆ ಪ್ರತಿ ಸುಯ್ಯಿಗೂ, ಪಟ್ ಎನ್ನುವುದಕ್ಕೆ ಮೊದಲೇ, ಅವನ ಎರಡೂ ಪಾದ ನೆಲ ಬಿಟ್ಟು ಮೇಲೆ ಎದ್ದು ಬೆಂಚಿನ ಕೆಳಗೆ ಸೇರಿಕೊಳ್ಳುತ್ತಿದ್ದವು. ಅವನಿಗೆ ಅದರ ಅರಿವೇ ಇದ್ದಂತಿರಲಿಲ್ಲ. ಒಂಬತ್ತನೆಯದಕ್ಕೆ ನ್ಯಾಯಾಧೀಶರು ಸಾಕು, ನಿಲ್ಲಿಸಿ ಎಂದರು. ಅವನ ಚಪ್ಪಲಿ ಬಿಚ್ಚಿಸಿ ಡಾಕ್ಟರಿಗೆ ತೋರಿಸಲು ಹೇಳಿದರು.

ಆ ಹೇಳಿಕೆ ಕಸದ ಬುಟ್ಟಿಗೆ ಹೋಯಿತು. ಬೇರೆ ಸಾಕ್ಷಿ ಠಾಣೆಯವರ ಹತ್ತಿರ ಇರಲಿಲ್ಲ. ಹೊಡೆದರೆ ಸಾಕು ಎಂದು ಹುಡುಕುವ ಗೋಜಿಗೇ ಹೋಗಿರಲಿಲ್ಲ. ಐಸ್ ಕೂಲಿ ಬಿಡುಗಡೆಯಾದ. ಕುಂಟುತ್ತ ಹೊರಗೆ ಬಂದವನು ಟೈಪಿಸ್ಟಮ್ಮನನ್ನು ಗುರುತಿಸದೆ ದಾಟಿ ಹೋದ. ತೆಳ್ಳಗಿನವನಿಗೆ ಆಮೇಲೆ ಬೇರೆ ಕೇಸಿನಲ್ಲಿ ನಾಲ್ಕು ವರ್ಷ ಶಿಕ್ಷೆಯಾಯಿತು. ದಪ್ಪಗಿನವನು ಸಿಗಲೇ ಇಲ್ಲ. ಅವರಿಬ್ಬರನ್ನು ಕಳಿಸಿದವರು ಯಾರು ಎಂದು ಯಾರೂ ಬಲವಾಗಿ ಕೇಳಲೂ ಇಲ್ಲ.

ಕೂಲಿಯ ತೀರ್ಪಿನ ದಿನ ಕೋರ್ಟಿನ ಮೆಟ್ಟಿಲಿಳಿಯುತ್ತಿದ್ದ ಅವಳನ್ನು ಒಬ್ಬ ಹೆಂಗಸು ತಡೆದಳು. ಸತ್ತ ಫೋರ್ಮನ್ನನ ಹೆಂಡತಿ. ಕೈ ಬೀಸಿ ಕೆನ್ನೆಗೆ ಬಾರಿಸಿದಳು. ಟೈಪಿಸ್ಟಮ್ಮ ತೂರಾಡಿ ಕಂಬ ಹಿಡಿದುಕೊಂಡಳು. ಇನ್ನೊಂದು ಬಿತ್ತು. ಚಿಕ್ಕಪ್ಪ ಅಡ್ಡ ಬರಲು ಹೋದರೆ ಟೈಪಿಸ್ಟಮ್ಮನೇ ಕೈ ಅಡ್ಡ ಮಾಡಿ ತಡೆದಳು.

“ನನ್ನ ಗಂಡನ್ನ ಕೊಂದವನನ್ನ ಬಿಡಿಸಿಬಿಟ್ಟೆಯಲ್ಲೇ,” ಎಂದಳು ಆ ಹೆಂಗಸು. “ಕುತ್ತಿಗೆ ಅರ್ಧ ಹರಿದಿತ್ತು. ನಾನೇ ಕೈಯಲ್ಲಿ ಕೂಡಿಸಿ ಹಿಡಿದಿದ್ದೆ.”

“ಕೊಂದವರು ಯಾರು ಅಂತ ನನಗೆ ಗೊತ್ತಿಲ್ಲಮ್ಮ,” ಎಂದಳು ಟೈಪಿಸ್ಟಮ್ಮ. ತುಟಿ ಒಡೆದು ರಕ್ತ ಬರುತ್ತಿತ್ತು. “ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅಷ್ಟು ಹೊಡೀಬೇಕಾಗಿರಲಿಲ್ಲ.”

ಆ ಹೆಂಗಸಿನ ಕೈ ಮತ್ತೆ ಎದ್ದಿತು, ಮೇಲೆಯೇ ನಿಂತಿತು, ಆಮೇಲೆ ಇಳಿಯಿತು. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಟೈಪಿಸ್ಟಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಒಂದು ಮೆಟ್ಟಿಲು ಕೆಳಗೆ ಕೂತಳು. ಜನ ಅವರಿಬ್ಬರನ್ನು ಬಳಸಿಕೊಂಡು ಹತ್ತಿ ಇಳಿದು ಮಾಡುತ್ತಿದ್ದರು. ಆ ಹೆಂಗಸು ಕೇಳಿದಳು, “ಆ ರೆಕಾರ್ಡಿನಲ್ಲಿ ನಮ್ಮ ಯಜಮಾನರ ಬಗ್ಗೆ ಏನಾದರೂ ಹೇಳಿದ್ದಾನಾ? ಪೊಲೀಸರು ಹೊಡೆಯೋಕೆ ಮೊದಲು?”

ನಲವತ್ತೊಂದು ನಿಮಿಷವೂ ಟೈಪಿಸ್ಟಮ್ಮನಿಗೆ ಬಾಯಿಪಾಠವಾಗಿತ್ತು. ಮೊದಲ ಏಟಿಗೆ ಮುಂಚಿನ ನಾಲ್ಕು ನಿಮಿಷದಲ್ಲಿ ಕೂಲಿ ಹೇಳಿದ್ದನ್ನು ಅವನ ಮಾತಿನಲ್ಲೇ ಹೇಳಿದಳು. ಫೋರ್ಮನ್ ಬೈದರೂ ಒಳ್ಳೆಯವರು. ಆವತ್ತು ನಾನು ಊಟ ತಂದಿರಲಿಲ್ಲ. ಬಾ ಅಂತ ಕರೆದು ತಮ್ಮ ಡಬ್ಬಿಯಲ್ಲೇ ಅರ್ಧ ಕೊಟ್ಟರು. ಇಬ್ಬರೂ ಐಸಿನ ಮೇಲೆ ಗೋಣಿ ಹಾಸಿಕೊಂಡು ಕೂತು ತಿಂದ್ವಿ.

“ಡಬ್ಬಿ ನಾನು ಕಟ್ಟಿದ್ದು,” ಎಂದಳು ಆ ಹೆಂಗಸು. “ಇಬ್ಬರಿಗೆ ಸಾಕಾಯಿತಂತಾ?”

“ಅದನ್ನ ಹೇಳಲಿಲ್ಲಮ್ಮ.”

ಟೈಪಿಸ್ಟಮ್ಮನ ಎರಡು ಬೆರಳು ಮತ್ತೆ ಮಡಚಲಿಲ್ಲ. ಒಂದು ವರ್ಷ ಕೋರ್ಟಿನವರು ಅವಳಿಗೆ ಕೆಲಸ ಕೊಡಲಿಲ್ಲ. ಟೈಲರಿಂಗ್ ಹೆಂಗಸರ ಜೊತೆ ಗುಂಡಿ ಹೊಲಿದಳು. ಆಮೇಲೆ ಹೊಸದಾಗಿ ಬಂದ ನ್ಯಾಯಾಧೀಶರೊಬ್ಬರು ಕರೆಸಿ ಕೊಟ್ಟರು. ಎಂಟು ಬೆರಳಿನಲ್ಲಿ ಟೈಪ್ ಮಾಡುವುದನ್ನು ಕಲಿತಳು. ವೇಗ ಮೊದಲಿನಷ್ಟಿಲ್ಲ, ಆದರೂ ದಿನಕ್ಕೊಂದು ಹೇಳಿಕೆ ಮುಗಿಸುತ್ತಾಳೆ. ಫೋರ್ಮನ್ನನ ಹೆಂಡತಿ ಅದಾದ ಮೇಲೆ ಎರಡು ಸಲ ಮನೆಗೆ ಬಂದಿದ್ದಳು. ಆ ನಾಲ್ಕು ನಿಮಿಷವನ್ನು ಮೊದಲಿನಿಂದ ಇನ್ನೊಮ್ಮೆ ಹೇಳು ಎಂದು ಹೇಳಿಸಿ ಕೇಳಿಸಿಕೊಂಡು, ನೀರು ಕುಡಿದು ಹೋದಳು.